ಹಳೇ ಕಾರಿಗೆ ರಿವರ್ಸ್ ಕ್ಯಾಮೆರಾ: ಬಾಳಿಕೆ ಬರುವಂತೆ ಹಾಕುವುದು ಹೇಗೆ

ರಿವರ್ಸ್ ಕ್ಯಾಮೆರಾ ಹಾಕಿಸಿ ಆರೇಳು ತಿಂಗಳಿಗೆ ಪರದೆ ಕಪ್ಪಾಯಿತೆಂದರೆ ಎಲ್ಲರೂ ಮೊದಲು ಬೈಯುವುದು ಕ್ಯಾಮೆರಾವನ್ನು. ಬಿಚ್ಚಿ ನೋಡಿದರೆ ಎಷ್ಟೋ ಸಲ ಕ್ಯಾಮೆರಾ ಚೆನ್ನಾಗಿಯೇ ಇರುತ್ತದೆ. ಡಿಕ್ಕಿ ಬಾಗಿಲಿನ ಕೀಲಿನ ಬಳಿ ವೈರು ಒಳಗೊಳಗೇ ತುಂಡಾಗಿರುತ್ತದೆ. ಇಲ್ಲವೇ ರಿವರ್ಸ್ ಲೈಟಿನ ಹತ್ತಿರ ಸುತ್ತಿದ ಟೇಪು ಬಿಸಿಲಿಗೆ ಅಂಟು ಬಿಟ್ಟು ಜೋಡಣೆ ಸಡಿಲವಾಗಿರುತ್ತದೆ. ಇಲ್ಲವೇ ಅರ್ಥ್ ಸ್ಕ್ರೂ ಪೇಂಟಿನ ಮೇಲೆ ಕೂತಿರುತ್ತದೆ. ಕ್ಯಾಮೆರಾ ಕೂರಿಸುವುದು ಅರ್ಧ ಗಂಟೆಯ ಕೆಲಸ. ಉಳಿದ ನಾಲ್ಕೈದು ಗಂಟೆ ಹೋಗುವುದು ವೈರಿಗೆ, ಹೋಗಬೇಕಾದದ್ದೂ ಅದಕ್ಕೇ.

ಇಲ್ಲಿ ಮುಂದಿಟ್ಟುಕೊಂಡಿರುವುದು 2019ಕ್ಕಿಂತ ಹಿಂದಿನ, ಐದು ಬಾಗಿಲಿನ, ಮ್ಯಾನುಯಲ್ ಗೇರಿನ ಕಾರು: ಸ್ವಿಫ್ಟ್, ವ್ಯಾಗನ್ ಆರ್, ಐ10 ಮುಂತಾದವು. ಭಾರತದಲ್ಲಿ 2019ರ ಜುಲೈ 1ರ ನಂತರ ತಯಾರಾದ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ಬಹಳಷ್ಟು ಕಾರುಗಳಲ್ಲಿ ಹಿಂದೆ ಏನಿದೆ ಎಂದು ತಿಳಿಸುವ ಯಾವ ಸಾಧನವೂ ಇಲ್ಲ. ಈ ಕಾರುಗಳ ಹಿಂದಿನ ಗಾಜು ಸಾಕಷ್ಟು ಎತ್ತರದಲ್ಲಿದೆ. ಬಂಪರಿಗೆ ತಾಗಿ ಕುಕ್ಕರುಗಾಲಲ್ಲಿ ಕೂತ ಮಗು, ನೆರಳಿಗೆಂದು ಬಂದು ಮಲಗಿದ ನಾಯಿ, ಮೊಣಕಾಲೆತ್ತರದ ಕಲ್ಲು ಮೂರೂ ಕನ್ನಡಿಗಳಲ್ಲಿ ಕಾಣುವುದಿಲ್ಲ. ಕ್ಯಾಮೆರಾ ಬೇಕಾಗಿರುವುದು ಆ ಒಂದೂವರೆ ಮೀಟರ್ ಜಾಗಕ್ಕೆ.

ಪರದೆ ಯಾವುದು, ಕ್ಯಾಮೆರಾ ಯಾವುದು

ಪರದೆಗೆ ಎರಡು ದಾರಿ. ಕಾರಿನಲ್ಲಿ ಈಗಾಗಲೇ ಟಚ್‌ಸ್ಕ್ರೀನ್ ಸ್ಟೀರಿಯೊ ಇದ್ದರೆ ಅದರ ಹಿಂಬದಿಯಲ್ಲಿ ಕ್ಯಾಮೆರಾದ ಚಿತ್ರದ ಪ್ಲಗ್ ಕೂರಲೆಂದೇ ಒಂದು ಹಳದಿ ಆರ್‌ಸಿಎ ಸಾಕೆಟ್ಟೂ ರಿವರ್ಸ್ ಎಂದು ಚೀಟಿ ಅಂಟಿಸಿದ ಒಂದು ವೈರೂ ಇರುತ್ತವೆ. ಪಯೊನಿಯರ್ ಸೆಟ್ಟುಗಳಲ್ಲಿ ಆ ವೈರು ನೇರಳೆ ಬಣ್ಣದ್ದು, ಮೇಲೆ ಬಿಳಿ ಪಟ್ಟೆ. ಬರೀ ಹಳೇ ರೇಡಿಯೊ ಇದ್ದರೆ ಒಳಗಿನ ಕನ್ನಡಿಯ ಮೇಲೆ ರಬ್ಬರ್ ಪಟ್ಟಿಯಿಂದ ಬಿಗಿಯುವ 4.3 ಇಂಚಿನ ಕನ್ನಡಿ ಪರದೆ ಸಾಕು. ಅದು ಚಿಕ್ಕದು, ಹಗಲು ಬೆಳಕಿನಲ್ಲಿ ಸ್ವಲ್ಪ ಮಂಕಾಗಿಯೂ ಕಾಣುತ್ತದೆ. ಆದರೂ ಹಿಂದೆ ಹೋಗುವಾಗ ಕಣ್ಣು ಹೇಗೂ ಕನ್ನಡಿಯ ಕಡೆಗೇ ಹೋಗುವುದರಿಂದ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುವ ಪರದೆಗಿಂತ ಇದೇ ಮೇಲು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲಾಗದಷ್ಟು ಕಾಯುತ್ತದೆ; ಅಲ್ಲಿ ಅಂಟಿಸಿದ ಪರದೆಯ ಅಂಟೂ ಬಿಡುತ್ತದೆ, ಪರದೆಯೂ ಕಲೆಗಟ್ಟುತ್ತದೆ.

ಕ್ಯಾಮೆರಾ ಕೊಳ್ಳುವಾಗ ಅದು ಕೊಡುವ ಸಿಗ್ನಲ್ ಯಾವುದೆಂದು ಮೊದಲು ಕೇಳಿ. ಹಳೇ ಮಾದರಿಯ ಅನಲಾಗ್ ಸಿಗ್ನಲ್ಲಿಗೆ ಸಿವಿಬಿಎಸ್ ಎನ್ನುತ್ತಾರೆ. ಕನ್ನಡಿ ಪರದೆಗಳೂ ಹಳೇ ಸ್ಟೀರಿಯೊಗಳೂ ಸಾಮಾನ್ಯವಾಗಿ ಇದನ್ನಷ್ಟೇ ಓದುತ್ತವೆ. ಎಎಚ್‌ಡಿ ಕ್ಯಾಮೆರಾದ ಚಿತ್ರ ಹೆಚ್ಚು ಸ್ಪಷ್ಟ, ಆದರೆ ಪರದೆಯೂ ಎಎಚ್‌ಡಿ ಓದುವಂಥದ್ದಾಗಿರಬೇಕು. ಎರಡಕ್ಕೂ ಅದೇ ಆರ್‌ಸಿಎ ಪಿನ್ನು ಇರುವುದರಿಂದ ಪ್ಲಗ್ ಮಾತ್ರ ಸಲೀಸಾಗಿ ಕೂರುತ್ತದೆ, ಚಿತ್ರ ಬರುವುದಿಲ್ಲ. ಅಂಗಡಿಗೆ ವಾಪಸು ಬರುವ ಕ್ಯಾಮೆರಾಗಳಲ್ಲಿ ಇಂಥವೂ ಸೇರಿರುತ್ತವೆ.

ಮಸೂರದ ಕೋನ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವುದು ತಪ್ಪು. 170 ಡಿಗ್ರಿಯ ಮಸೂರದಲ್ಲಿ ಅಂಚುಗಳು ಬಾಗುತ್ತವೆ, ಹತ್ತಿರದ ಗೋಡೆಯೂ ದೂರವಿದ್ದಂತೆ ಕಾಣುತ್ತದೆ. 130ರಿಂದ 140 ಡಿಗ್ರಿ ಸಾಕು. ನೀರು ತಡೆಯುವ ಗುಣ ಐಪಿ67 ಅಥವಾ ಅದಕ್ಕಿಂತ ಮೇಲಿರಲಿ. ಮಸೂರದ ಸುತ್ತ ಪುಟ್ಟ ಎಲ್‌ಇಡಿಗಳಿರುವ ಕ್ಯಾಮೆರಾ ಬೇಡ. ಆ ಬೆಳಕು ಬಂಪರಿಗೆ ಬಡಿದು ವಾಪಸು ಬಂದು ಚಿತ್ರವನ್ನೇ ಬೆಳ್ಳಗಾಗಿಸುತ್ತದೆ. ರಾತ್ರಿ ಬೆಳಕು ಕೊಡಬೇಕಾದದ್ದು ಕಾರಿನ ರಿವರ್ಸ್ ಲೈಟು. ಅದರ ಗಾಜು ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ, ಬಲ್ಬು ಕಪ್ಪಾಗಿದ್ದರೆ ಅದೇ ವಾಟ್‌ನ ಹೊಸದನ್ನು ಹಾಕಿ. ಹೆಚ್ಚು ವಾಟ್‌ನದು ಹಾಕಿದರೆ ಹೋಲ್ಡರ್ ಕರಗುತ್ತದೆ.

ನಂಬರ್ ಪ್ಲೇಟಿನ ಫ್ರೇಮಿನಲ್ಲೇ ಕ್ಯಾಮೆರಾ ಇರುವ ಸೆಟ್ಟುಗಳು ಸಿಗುತ್ತವೆ. ನಮ್ಮಲ್ಲಿ ಅವು ಪ್ರಯೋಜನಕ್ಕಿಲ್ಲ. ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಬಿಗಿಯುವುದು ಒಮ್ಮೆ ಕೂರಿಸಿದರೆ ಮುರಿಯದೆ ತೆಗೆಯಲಾಗದ ಲಾಕಿನಿಂದ. ಕರ್ನಾಟಕದಲ್ಲಿ 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಈ ಪ್ಲೇಟು ಕಡ್ಡಾಯ. ಫ್ರೇಮು ಹಾಕಲು ಲಾಕ್ ಮುರಿದರೆ ಮತ್ತೆ ಅಧಿಕೃತ ಕೇಂದ್ರಕ್ಕೆ ಅಲೆದಾಟ. ಮೇಲಿಂದಲೇ ಹಾಕಿದರೆ ಅಕ್ಷರ, ಹೊಲೊಗ್ರಾಂ ಮುಚ್ಚಿ ದಂಡಕ್ಕೆ ದಾರಿ. ಪ್ಲೇಟಿನ ಮೇಲ್ಭಾಗದ ಪಟ್ಟಿಗೆ ಸ್ಕ್ರೂ ಹಾಕಿ ಕೂರಿಸುವ ಚಿಟ್ಟೆಯಾಕಾರದ ಕ್ಯಾಮೆರಾ, ಅಥವಾ ತೂತು ಕೊರೆದು ಒಳಗೆ ಕೂರಿಸುವ ಉರುಟು ಕ್ಯಾಮೆರಾ, ಇವೆರಡರಲ್ಲಿ ಒಂದನ್ನು ಆರಿಸಿ.

ತಂದಿಟ್ಟುಕೊಳ್ಳಬೇಕಾದದ್ದು

ಹ್ಯಾಚ್‌ಬ್ಯಾಕಿಗೆ 6 ಮೀಟರ್ ಉದ್ದದ ಆರ್‌ಸಿಎ ಕೇಬಲ್ ಸಾಕು. ಸೆಡಾನಿಗೆ 8, ಇನ್ನೋವಾದಂಥ ಗಾಡಿಗೆ 10 ಮೀಟರ್ ಬೇಕು. ಕೇಬಲಿನ ಎರಡೂ ತುದಿಯಲ್ಲಿ ಒಂದೊಂದು ತೆಳು ಕೆಂಪು ವೈರು ಹೊರಗೆ ಬಂದಿರುವುದನ್ನೇ ಕೇಳಿ ತನ್ನಿ. ಹಿಂದಿನ ರಿವರ್ಸ್ ಲೈಟಿನ ಕರೆಂಟು ಮುಂದಿನ ಪರದೆಗೆ ಸುದ್ದಿ ಮುಟ್ಟಿಸುವುದು ಅದೇ ವೈರಿನಲ್ಲಿ. ಅದಿಲ್ಲದಿದ್ದರೆ ಇನ್ನೊಂದು ವೈರು ಎಳೆಯಬೇಕಾಗುತ್ತದೆ. ಕ್ಯಾಮೆರಾದ ಪೆಟ್ಟಿಗೆಯಲ್ಲೇ ಬರುವ ಕೇಬಲ್ ಕೂದಲಿನಷ್ಟು ತೆಳ್ಳಗಿದ್ದರೆ ಅದನ್ನು ಬದಿಗಿಟ್ಟು ದಪ್ಪನೆಯ, ಒಳಗೆ ಜಾಲರಿ ಹೊದಿಕೆಯಿರುವ ಕೇಬಲ್ ಕೊಳ್ಳಿ. ಹಣ ಉಳಿಸಬಾರದ ಜಾಗ ಯಾವುದಾದರೂ ಇದ್ದರೆ ಇದೇ.

ಉಳಿದಂತೆ: 1 ಆಂಪಿಯರ್ ಫ್ಯೂಸು, ಅದರ ಹೋಲ್ಡರ್, ವೈರನ್ನು ಬೋಲ್ಟಿಗೆ ಸೇರಿಸುವ ಉಂಗುರ, ಅಂದರೆ ರಿಂಗ್ ಲಗ್ ಎರಡು, 0.5 ಚದರ ಮಿಲಿಮೀಟರ್‌ನ ಕೆಂಪು ಮತ್ತು ಕಪ್ಪು ವೈರು ತಲಾ 2 ಮೀಟರ್, ಬಿಸಿ ತಾಗಿದರೆ ಕುಗ್ಗಿ ವೈರನ್ನು ಬಿಗಿಯುವ ಹೀಟ್ ಶ್ರಿಂಕ್ ಕೊಳವೆ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು, ಬಟ್ಟೆಯ ಟೇಪು, ಹತ್ತಿಪ್ಪತ್ತು ಕೇಬಲ್ ಟೈ, ತಗಡಿನ ತೂತಿನ ಅಂಚು ವೈರನ್ನು ಕೊಯ್ಯದಂತೆ ಕೂರಿಸುವ ರಬ್ಬರ್ ಗ್ರಾಮೆಟ್. ಸಲಕರಣೆಗಳಲ್ಲಿ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಸ್ಕ್ರೂಡ್ರೈವರ್, ಪ್ಯಾನೆಲ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿಗಳು, ಬೆಸುಗೆ ಕಡ್ಡಿ. ಜೊತೆಗೆ ಸೈಕಲ್ಲಿನ ಬ್ರೇಕ್ ಕೇಬಲಿನ ಒಳತಂತಿ ಒಂದು: ಗಡುಸಾಗಿಯೂ ಬಾಗುವಂತೆಯೂ ಇರುವ ಈ ತಂತಿಯಷ್ಟು ಚೆನ್ನಾಗಿ ಸಂದಿಯಲ್ಲಿ ನುಗ್ಗುವ ವಸ್ತು ಇನ್ನೊಂದಿಲ್ಲ. ಬೆಂಗಳೂರಿನವರಾದರೆ ಕ್ಯಾಮೆರಾ ಮತ್ತು ಪರದೆಗೆ ಜೆ.ಸಿ. ರಸ್ತೆ, ಕೇಬಲ್, ಫ್ಯೂಸ್ ಹೋಲ್ಡರ್, ಹೀಟ್ ಶ್ರಿಂಕ್‌ಗೆ ಎಸ್.ಪಿ. ರಸ್ತೆ. ಮಾಮೂಲಿ ಪಿವಿಸಿ ಇನ್ಸುಲೇಶನ್ ಟೇಪನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಒಂದು ಬೇಸಿಗೆ ಕಳೆದರೆ ಅದು ಜಿಗುಟು ಜಿಗುಟಾಗಿ ಜಾರಿಹೋಗುತ್ತದೆ.

ಕಾರು ಬಿಚ್ಚುವ ಮೊದಲು

ಕ್ಯಾಮೆರಾ, ಕೇಬಲ್, ಪರದೆ ಮೂರನ್ನೂ ನೆಲದ ಮೇಲೆ ಹರಡಿ ಜೋಡಿಸಿ, 12 ವೋಲ್ಟ್ ಬ್ಯಾಟರಿಗೆ ಫ್ಯೂಸಿನ ಮೂಲಕ ಕೊಟ್ಟು ನೋಡಿ. ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ, ಹಳದಿ ಪ್ಲಗ್ ಪರದೆಗೆ. ಚಿತ್ರ ಬಂದ ಕೂಡಲೇ ಕಳಚಬೇಡಿ, ಇಪ್ಪತ್ತು ನಿಮಿಷ ಹಾಗೇ ಬಿಡಿ. ಕಳಪೆ ಕ್ಯಾಮೆರಾ ಬಿಸಿಯಾದ ಮೇಲೆ ನಡುಗತೊಡಗುತ್ತದೆ, ಇಲ್ಲವೇ ಬಣ್ಣ ಕಳೆದುಕೊಳ್ಳುತ್ತದೆ. ಅದು ಇಲ್ಲೇ ಗೊತ್ತಾಗಲಿ.

ಎಡಬಲವನ್ನೂ ಈಗಲೇ ನೋಡಿಕೊಳ್ಳಿ. ಪರದೆಯಲ್ಲಿ ಕಾಣುವುದು ಕನ್ನಡಿಯಲ್ಲಿ ಕಂಡಂತಿರಬೇಕು: ಕಾರಿನ ಬಲಗಡೆ ಇಟ್ಟ ಬಕೆಟ್ ಪರದೆಯ ಬಲಗಡೆಗೇ ಕಾಣಬೇಕು. ಕೆಲವು ಕ್ಯಾಮೆರಾಗಳ ವೈರಿನಲ್ಲಿ ಬಿಳಿ, ಹಸಿರು ಬಣ್ಣದ ಎರಡು ಪುಟ್ಟ ಕುಣಿಕೆಗಳಿರುತ್ತವೆ. ಒಂದನ್ನು ಕತ್ತರಿಸಿದರೆ ಎಡಬಲ ಅದಲುಬದಲಾಗುತ್ತದೆ, ಇನ್ನೊಂದನ್ನು ಕತ್ತರಿಸಿದರೆ ಅಳತೆಯ ಗೆರೆಗಳು ಹೋಗುತ್ತವೆ. ಯಾವುದು ಯಾವುದಕ್ಕೆ ಎನ್ನುವುದು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಪೆಟ್ಟಿಗೆಯೊಳಗಿನ ಚೀಟಿ ನೋಡದೆ ಕತ್ತರಿ ಹಾಕಬೇಡಿ. ಪರದೆ ತನ್ನದೇ ಗೆರೆ ತೋರಿಸುತ್ತಿದ್ದರೆ ಕ್ಯಾಮೆರಾದ ಗೆರೆ ತೆಗೆದುಬಿಡಿ. ಎರಡು ಜೊತೆ ಗೆರೆಗಳು ಒಂದರ ಮೇಲೊಂದು ಕೂತರೆ ಯಾವುದನ್ನೂ ನಂಬುವಂತಿಲ್ಲ.

ರಿವರ್ಸ್ ಲೈಟಿನ ವೈರು ಹುಡುಕುವುದು

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ. ಕೀಲಿಯನ್ನು ಆನ್‌ಗೆ ತಿರುಗಿಸಿ ರಿವರ್ಸ್ ಗೇರ್ ಹಾಕಿದರೆ ಎಂಜಿನ್ ಇಲ್ಲದೆಯೂ ರಿವರ್ಸ್ ಲೈಟು ಹತ್ತುತ್ತದೆ. ಹತ್ತದಿದ್ದರೆ ಬಲ್ಬು ಹೋಗಿದೆ, ಇಲ್ಲವೇ ಗೇರ್‌ಬಾಕ್ಸಿನ ಮೇಲಿರುವ ರಿವರ್ಸ್ ಸ್ವಿಚ್ ಹೋಗಿದೆ. ಹಳೇ ಕಾರಿನಲ್ಲಿ ಇದು ಸಾಮಾನ್ಯ, ಅದನ್ನು ಮೊದಲು ಸರಿಮಾಡಿಸಿ. ಆ ಸ್ವಿಚ್ ಕೆಲಸ ಮಾಡದೆ ಕ್ಯಾಮೆರಾ ಎಂದೂ ಎಚ್ಚರಗೊಳ್ಳುವುದಿಲ್ಲ.

ಟೈಲ್ ಲ್ಯಾಂಪ್ ಬಿಚ್ಚಿ, ರಿವರ್ಸ್ ಬಲ್ಬಿನ ಹೋಲ್ಡರಿಗೆ ಬರುವ ವೈರುಗಳನ್ನು ಮಲ್ಟಿಮೀಟರಿನಿಂದ ಒಂದೊಂದಾಗಿ ಪರೀಕ್ಷಿಸಿ. ಬಣ್ಣ ನೋಡಿ ಊಹಿಸಬೇಡಿ. ಗೇರ್ ರಿವರ್ಸಿಗೆ ಬಂದಾಗ 12 ವೋಲ್ಟ್ ಆಸುಪಾಸು, ನ್ಯೂಟ್ರಲಿಗೆ ಬಂದಾಗ ಸೊನ್ನೆ ತೋರಿಸುವ ವೈರೇ ನಮಗೆ ಬೇಕಾದದ್ದು. ಬ್ರೇಕ್ ಒತ್ತಿದಾಗ, ಹೆಡ್‌ಲೈಟ್ ಹಾಕಿದಾಗ, ಇಂಡಿಕೇಟರ್ ಹಾಕಿದಾಗ ಅದರಲ್ಲಿ ಏನೂ ಬರಬಾರದು. ಕೆಲವು ಕಾರುಗಳಲ್ಲಿ ರಿವರ್ಸ್ ಲೈಟು ಒಂದೇ ಬದಿಗಿರುತ್ತದೆ, ಕೆಲವದರಲ್ಲಿ ಬಂಪರಿನಲ್ಲಿರುತ್ತದೆ. ಎರಡೂ ಬದಿಗಿದ್ದರೆ ಎಡಗಡೆಯದನ್ನು ಆರಿಸಿ, ಕಾರಣ ಮುಂದೆ ಬರುತ್ತದೆ.

ಈ ವೈರಿನಿಂದ ಹೆಚ್ಚುವರಿ ಕರೆಂಟು ತೆಗೆದರೆ ಬಲ್ಬು ಮಂಕಾಗುತ್ತದೆಯೇ ಎಂದು ಕೇಳುವವರಿದ್ದಾರೆ. 21 ವಾಟ್‌ನ ಎರಡು ಬಲ್ಬುಗಳು ಸುಮಾರು ಮೂರೂವರೆ ಆಂಪಿಯರ್ ಎಳೆಯುತ್ತವೆ. ಕ್ಯಾಮೆರಾ ಎಳೆಯುವುದು ಅದರ ಇಪ್ಪತ್ತನೇ ಒಂದು ಭಾಗದಷ್ಟು. ಮಂಕಾಗುವುದಿಲ್ಲ. ಆದರೂ 1 ಆಂಪಿಯರ್ ಫ್ಯೂಸು ಬೇಕೇ ಬೇಕು. ಕಾರಿನ ಸ್ವಂತ ಫ್ಯೂಸು ಅದರ ದಪ್ಪ ವೈರನ್ನು ಕಾಪಾಡಲೆಂದು 10 ಅಥವಾ 15 ಆಂಪಿಯರಿನದಿರುತ್ತದೆ. ನಮ್ಮ ತೆಳು ವೈರು ಎಲ್ಲಾದರೂ ಬಾಡಿಗೆ ತಾಗಿದರೆ ಆ ಫ್ಯೂಸು ಹಾರುವ ಹೊತ್ತಿಗೆ ಇದು ಕೆಂಡವಾಗಿರುತ್ತದೆ. ಫ್ಯೂಸನ್ನು ಜೋಡಣೆಯಿಂದ ಒಂದು ಗೇಣಿನೊಳಗೆ ಹಾಕಿ.

ಈಗ ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆಯಿರಿ. ಜೋಡಣೆಗೆ ಕಾರಿನ ವೈರನ್ನು ಕತ್ತರಿಸುವ ಅಗತ್ಯವಿಲ್ಲ. ಮಧ್ಯದಲ್ಲಿ ಒಂದು ಸೆಂಟಿಮೀಟರ್ ಹೊದಿಕೆಯನ್ನಷ್ಟೇ ಕೆರೆದು, ಎಳೆಗಳನ್ನು ಸ್ವಲ್ಪ ಬಿಡಿಸಿ, ಅದರ ನಡುವೆ ನಮ್ಮ ಕೆಂಪು ವೈರಿನ ತುದಿ ತೂರಿಸಿ, ಸುತ್ತಿ, ಬೆಸುಗೆ ಹಾಕಿ. ಕತ್ತರಿಸದ ವೈರಿನ ಮೇಲೆ ಹೀಟ್ ಶ್ರಿಂಕ್ ಕೊಳವೆ ತೂರಿಸಲಾಗದು. ಆದ್ದರಿಂದ ರಬ್ಬರ್ ಟೇಪನ್ನು ಎಳೆದು ಎರಡು ಸುತ್ತು, ಮೇಲೆ ಬಟ್ಟೆಯ ಟೇಪು. ಬೆಸುಗೆಯಿಂದ ಮೂರು ಸೆಂಟಿಮೀಟರ್ ಆಚೆಗೆ ಒಂದು ಕೇಬಲ್ ಟೈ ಬಿಗಿದು ಅಲುಗಾಟ ಬೆಸುಗೆಯವರೆಗೆ ಬಾರದಂತೆ ಮಾಡಿ. ಒತ್ತಿದರೆ ಒಳಗಿನ ಅಲಗು ಹೊದಿಕೆ ಸೀಳಿ ತಾಗುವ ನೀಲಿ, ಕೆಂಪು ಪ್ಲಾಸ್ಟಿಕ್ ಕ್ಲಿಪ್ಪುಗಳು ಬೇಗ ಆಗುತ್ತವೆ ನಿಜ. ಆದರೆ ಅವು ಎಳೆಗಳನ್ನು ಅರ್ಧ ಕತ್ತರಿಸುತ್ತವೆ, ಮಳೆಗಾಲದಲ್ಲಿ ಹಸಿರು ಕಿಲುಬು ಕಟ್ಟುತ್ತವೆ. ಡಿಕ್ಕಿಯಲ್ಲಿ ಸಿಎನ್‌ಜಿ ಅಥವಾ ಎಲ್‌ಪಿಜಿ ಸಿಲಿಂಡರ್ ಇದ್ದರೆ ಮಾತ್ರ ಅಲ್ಲಿ ಬೆಸುಗೆ ಕಡ್ಡಿ ಹಚ್ಚಬೇಡಿ. ಒತ್ತಿ ಬಿಗಿಯುವ ಒಳ್ಳೆಯ ಕ್ರಿಂಪ್ ಜೋಡಣೆ ಮಾಡಿ, ವೈರನ್ನು ಗ್ಯಾಸ್ ಪೈಪಿನಿಂದ ದೂರದಲ್ಲಿ ಒಯ್ಯಿರಿ.

ಈ ಒಂದು ಕೆಂಪು ವೈರಿನಿಂದ ಫ್ಯೂಸು ದಾಟಿದ ಮೇಲೆ ಎರಡು ಕವಲು: ಒಂದು ಕ್ಯಾಮೆರಾದ ಪ್ಲಸ್ಸಿಗೆ, ಇನ್ನೊಂದು ಆರ್‌ಸಿಎ ಕೇಬಲಿನ ತೆಳು ಕೆಂಪು ವೈರಿಗೆ.

ಅರ್ಥ್‌ಗೆ ಡಿಕ್ಕಿ ಬಾಗಿಲಿನ ತಗಡನ್ನು ನಂಬಬೇಡಿ. ಬಾಗಿಲು ಬಾಡಿಗೆ ತಾಗುವುದು ಪೇಂಟು, ಗ್ರೀಸು ಮೆತ್ತಿದ ಕೀಲಿನ ಮೂಲಕ. ಕಾರಿನ ಬಾಡಿಯಲ್ಲೇ ಟೈಲ್ ಲ್ಯಾಂಪಿನ ಹತ್ತಿರ ಕಂಪನಿಯವರೇ ಹಾಕಿದ ಅರ್ಥ್ ಬೋಲ್ಟ್ ಇದ್ದರೆ ಅದಕ್ಕೇ ರಿಂಗ್ ಲಗ್ ಸೇರಿಸಿ. ಇಲ್ಲದಿದ್ದರೆ ಯಾವುದಾದರೂ ಬೋಲ್ಟಿನ ಸುತ್ತ ಬಿಳಿ ಲೋಹ ಕಾಣುವವರೆಗೆ ಪೇಂಟು ಕೆರೆದು ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಮಲ್ಟಿಮೀಟರಿನಲ್ಲಿ ಆ ಬೋಲ್ಟಿಗೂ ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಸೇರುವ ಜಾಗಕ್ಕೂ ನಡುವೆ ಓಮ್ ಹೆಚ್ಚುಕಡಿಮೆ ಸೊನ್ನೆ ಇರಬೇಕು.

ಕ್ಯಾಮೆರಾ ಕೂರಿಸುವುದು

ಡಿಕ್ಕಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್ ತೆಗೆಯಿರಿ. ಹಿಡಿಕೆಯ ಗುಳಿಯಲ್ಲಿ ಸ್ಕ್ರೂ ಅಡಗಿರುತ್ತದೆ, ಅದನ್ನು ಮರೆತು ಎಳೆದರೆ ಪ್ಯಾನೆಲ್ ಸೀಳುತ್ತದೆ. ಉಳಿದದ್ದು ಕ್ಲಿಪ್ಪುಗಳು. ಹತ್ತು ವರ್ಷ ಬಿಸಿಲುಂಡ ಕ್ಲಿಪ್ಪುಗಳಲ್ಲಿ ಒಂದೆರಡು ಮುರಿಯುವುದು ಸಹಜ, ಅರ್ಧ ಡಜನ್ ಬಿಡಿ ಕ್ಲಿಪ್ಪು ತಂದಿಟ್ಟುಕೊಳ್ಳಿ.

ಜಾಗ ನಂಬರ್ ಪ್ಲೇಟ್ ಲೈಟಿನ ಪಟ್ಟಿಯ ಮಧ್ಯ. ಮಧ್ಯದಲ್ಲೇ ಲಾಕ್ ಅಥವಾ ಹಿಡಿಕೆ ಬಂದರೆ ಐದು ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ನಡೆಯುತ್ತದೆ. ಮೊದಲು ಮಾಸ್ಕಿಂಗ್ ಟೇಪಿನಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ನೆಲದ ಮೇಲೆ ಪರೀಕ್ಷಿಸಿದಂತೆಯೇ ಬ್ಯಾಟರಿಗೆ ಫ್ಯೂಸಿನ ಮೂಲಕ ಕೊಟ್ಟು ಪರದೆಯಲ್ಲಿ ನೋಡಿ. ಚಿತ್ರದ ಕೆಳಗಿನ ಹತ್ತನೇ ಒಂದು ಭಾಗದಲ್ಲಿ ನಿಮ್ಮ ಬಂಪರಿನ ಅಂಚು ಕಾಣಬೇಕು. ಅಂಚು ಕಾಣದಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಅಂದಾಜು ಸಿಗದು. ಹೆಚ್ಚು ಕಂಡರೆ ದೂರದ್ದು ಕಾಣದು.

ಕೊರೆಯುವುದಾದರೆ ಹಿಂದೆ ನಂಬರ್ ಪ್ಲೇಟ್ ಲೈಟಿನ ವೈರು, ಲಾಕಿನ ಕಡ್ಡಿ ಇಲ್ಲವೆಂದು ಒಳಗಿನಿಂದ ಕೈಯಾಡಿಸಿ ನೋಡಿ. ಟೇಪಿನ ಮೇಲೆ ಗುರುತು ಮಾಡಿ, ಪಂಚಿನಿಂದ ಒಂದು ಚುಕ್ಕಿ ಹೊಡೆದು, 3 ಎಂಎಂ ಬಿಟ್ಟಿನಲ್ಲಿ ಮೊದಲ ತೂತು, ಆಮೇಲೆ ಕ್ಯಾಮೆರಾದ ಜೊತೆ ಬಂದ ಹೋಲ್ ಸಾ. ಡ್ರಿಲ್ ನಿಧಾನಕ್ಕೆ ತಿರುಗಲಿ. ತೂತಿನ ಅಂಚನ್ನು ಅರದಿಂದ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಎರಡು ಕೋಟು ಬಳಿದು ಪೂರ್ತಿ ಒಣಗಲು ಬಿಡಿ. ಒಳಗೆ ಬಿದ್ದ ಕಬ್ಬಿಣದ ಪುಡಿಯನ್ನು ಒಂದು ಕಣವೂ ಉಳಿಯದಂತೆ ಅಯಸ್ಕಾಂತದಿಂದಲೋ ವ್ಯಾಕ್ಯೂಮಿನಿಂದಲೋ ತೆಗೆಯಿರಿ. ಒಂದೇ ಮಳೆಗಾಲದಲ್ಲಿ ಆ ಪುಡಿ ತುಕ್ಕಾಗಿ ಬಾಗಿಲಿನ ತಳವನ್ನೇ ತಿನ್ನಲು ಶುರುಮಾಡುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಚಿಟ್ಟೆಯಾಕಾರದ್ದಾದರೆ ವೈರು ಒಳಹೋಗಲು ನಂಬರ್ ಪ್ಲೇಟ್ ಲೈಟಿನ ತೂತಿನ ಪಕ್ಕದ ಸಂದಿಯೇ ಎಷ್ಟೋ ಕಾರುಗಳಲ್ಲಿ ಸಾಕಾಗುತ್ತದೆ. ತಗಡಿನ ಅಂಚು ದಾಟುವ ಕಡೆಯೆಲ್ಲ ಗ್ರಾಮೆಟ್ ಹಾಕಿ, ವೈರು ಹೊರಗಿನಿಂದ ಒಳಗೆ ಮೇಲ್ಮುಖವಾಗಿ ಹೋಗಲಿ. ಕೆಳಮುಖವಾಗಿ ಹೋದರೆ ಮಳೆನೀರು ವೈರು ಹಿಡಿದುಕೊಂಡೇ ಒಳಗಿಳಿಯುತ್ತದೆ.

ಡಿಕ್ಕಿಯ ರಬ್ಬರ್ ಕೊಳವೆ

ಇಡೀ ಕೆಲಸದ ಆಯುಷ್ಯ ನಿರ್ಧಾರವಾಗುವುದು ಇಲ್ಲಿ. ಬಾಗಿಲಿಗೂ ಛಾವಣಿಗೂ ನಡುವೆ, ಕೀಲಿನ ಪಕ್ಕದಲ್ಲಿ, ಕಾರಿನ ಸ್ವಂತ ವೈರುಗಳು ಹಾದುಹೋಗುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆಯಿದೆ. ಅವಸರದವರು ಅದನ್ನು ಬಿಟ್ಟು ಬಾಗಿಲಿನ ಅಂಚಿನ ರಬ್ಬರ್ ಬೀಡಿಂಗ್ ಮೇಲಿಂದಲೇ ಕೇಬಲ್ ಹಾಯಿಸುತ್ತಾರೆ. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಸಲ ಬಾಗಿಲು ಹಾಕಿದಾಗಲೂ ಕೇಬಲ್ ಜಜ್ಜುತ್ತದೆ, ಬೀಡಿಂಗ್ ಎದ್ದ ಕಡೆಯಿಂದ ನೀರು ಸೋರಿ ಡಿಕ್ಕಿಯ ಕಾರ್ಪೆಟ್ ನಾರುತ್ತದೆ.

ಕೊಳವೆಯ ಎರಡೂ ತುದಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಹಳೇ ರಬ್ಬರ್ ಹರಿಯುತ್ತದೆ. ಬ್ರೇಕ್ ತಂತಿಯ ತುದಿಗೆ ಟೇಪು ಸುತ್ತಿ ಮೊನಚು ಮರೆಮಾಡಿ, ಬಾಡಿ ಕಡೆಯಿಂದ ಬಾಗಿಲ ಕಡೆಗೆ ತೂರಿಸಿ. ಆ ತುದಿಗೆ ಕ್ಯಾಮೆರಾದ ವೈರು ಕಟ್ಟಿ, ಜೋಡಿಸಿದ ಜಾಗಕ್ಕೆ ಶಂಕುವಿನಂತೆ ಟೇಪು ಸುತ್ತಿ ವಾಪಸು ಎಳೆಯಿರಿ. ಜಾರಲು ಪಾತ್ರೆ ತೊಳೆಯುವ ಸೋಪಿನ ನೀರು ಅಥವಾ ಸಿಲಿಕೋನ್ ಸ್ಪ್ರೇ ಹಾಕಿ. ಎಂಜಿನ್ ಆಯಿಲ್, ಗ್ರೀಸ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಆರ್‌ಸಿಎ ಪ್ಲಗ್ಗಿನ ತಲೆ ಸುಮಾರು ಒಂದು ಸೆಂಟಿಮೀಟರ್ ದಪ್ಪವಿದ್ದು ಹಲವು ಕೊಳವೆಗಳಲ್ಲಿ ತೂರುವುದಿಲ್ಲ. ಆಗ ಜಾಲರಿ ಕೇಬಲನ್ನು ಕತ್ತರಿಸಿ ಮತ್ತೆ ಜೋಡಿಸುವ ಬದಲು, ನಾಲ್ಕು ಪಿನ್ನಿನ ಪುಟ್ಟ ಪ್ಲಗ್ಗಿರುವ ಕ್ಯಾಮೆರಾ ತಂದು ಆ ತುದಿಯನ್ನು ತೂರಿಸಿ. ಇನ್ನೊಂದು ಉಪಾಯವೂ ಉಂಟು: ಹಿಂದಿನ ವೈಪರ್ ಇಲ್ಲದ ಬೇಸ್ ಮಾಡೆಲ್‌ಗಳಲ್ಲಿ ಇನ್ನೊಂದು ಬದಿಯ ಕೊಳವೆಯ ಜಾಗಕ್ಕೆ ಬರೀ ರಬ್ಬರ್ ಮುಚ್ಚಳ ಹಾಕಿರುವುದುಂಟು, ಅದಿದ್ದರೆ ದಾರಿ ಸಲೀಸು.

ಕ್ಯಾಮೆರಾದ ವೈರು ಉದ್ದ ಸಾಕಾದರೆ ಆರ್‌ಸಿಎ ಜೋಡಣೆ ಬಾಗಿಲಿನೊಳಗೆ ಬಾರದೆ ಬಾಡಿಯೊಳಗೆ ಬರುವಂತೆ ನೋಡಿಕೊಳ್ಳಿ, ಬಾಗಿಲಿನ ಒಳಭಾಗ ಮಳೆಗೆ ತೇವವಾಗುತ್ತಲೇ ಇರುತ್ತದೆ. ಕೊಳವೆಯ ಎರಡೂ ಕಡೆ ಸೇರಿ ಐದಾರು ಸೆಂಟಿಮೀಟರ್ ಸಡಿಲ ಬಿಟ್ಟು, ಆಮೇಲಷ್ಟೇ ಕೇಬಲ್ ಟೈ ಬಿಗಿಯಿರಿ. ಬಾಗಿಲನ್ನು ಇಪ್ಪತ್ತು ಸಲ ಪೂರ್ತಿ ತೆಗೆದು ಹಾಕಿ, ಪ್ರತಿ ಸಲ ವೈರು ಬಿಗಿಯಾಗುತ್ತದೆಯೇ ನೋಡಿ. ಬಾಗಿಲು ಪೂರ್ತಿ ಮೇಲಿದ್ದಾಗ ತಂತಿ ಸೆಟೆದುಕೊಂಡಿದ್ದರೆ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಹೊರಗಿನ ಹೊದಿಕೆ ಮಾತ್ರ ನೆಟ್ಟಗಿರುತ್ತದೆ. ಬಾಗಿಲು ಅಲುಗಾಡಿಸಿದರೆ ಚಿತ್ರ ಬಂದು ಹೋಗುವ ಕಾಯಿಲೆ ಶುರುವಾಗುವುದು ಹೀಗೆ.

ಡಿಜೈರ್, ಎಟಿಯೊಸ್‌ನಂಥ ಸೆಡಾನುಗಳಲ್ಲಿ ಕೊಳವೆಯ ಬದಲು ಡಿಕ್ಕಿ ಮುಚ್ಚಳದ ಬಾಗಿದ ತೋಳಿನ ಜೊತೆಗೇ ವೈರು ಸಾಗುತ್ತದೆ. ಕಂಪನಿಯ ವೈರು ಹೋದ ದಾರಿಯಲ್ಲೇ ಹೋಗಿ. ಮುಚ್ಚಳ ಇಳಿದಾಗ ತೋಳು ಒಳಸೇರುವ ಜಾಗದಲ್ಲಿ ವೈರು ಸಿಕ್ಕಿಕೊಳ್ಳದಂತೆ ನೋಡಿ.

ಹಿಂದಿನಿಂದ ಮುಂದಕ್ಕೆ

ವೈರನ್ನು ಕಾರಿನ ಎಡಬದಿಯಲ್ಲಿ ಎಳೆಯಿರಿ. ಬಲಬದಿಯಲ್ಲಿ ಡಿಕ್ಕಿ, ಪೆಟ್ರೋಲ್ ಮುಚ್ಚಳ ತೆಗೆಯುವ ಕೇಬಲುಗಳು ಇರುವುದುಂಟು. ಮುಂದೆ ಹೋದರೆ ಡ್ರೈವರಿನ ಪೆಡಲುಗಳು. ಪೆಡಲಿನ ಬಳಿ ಒಂದು ಸಡಿಲ ವೈರು ನೇತಾಡುವುದು ಪ್ರಾಣಕ್ಕೇ ಅಪಾಯ.

ಡಿಕ್ಕಿಯ ಪಕ್ಕದ ಪ್ಯಾನೆಲಿನ ಹಿಂದೆ ಇಳಿದು, ಚಕ್ರದ ಕಮಾನಿನ ಮೇಲೆ ಹಾಯ್ದು, ಹಿಂದಿನ ಸೀಟಿನ ಪಕ್ಕದಿಂದ ಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಬನ್ನಿ. ಆ ಪಟ್ಟಿ ಮೇಲಕ್ಕೆ ಎಳೆದರೆ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ಒಳಗೆ ಕಾರಿನ ವೈರುಗಳ ಕಟ್ಟು ಇದ್ದರೆ ಅದರಿಂದ ಎರಡು ಬೆರಳು ದೂರದಲ್ಲಿ ಹೋಗಿ. ಫ್ಯುಯೆಲ್ ಪಂಪಿನ ವೈರಿಗೆ ಅಂಟಿಕೊಂಡು ಹೋದ ವಿಡಿಯೊ ಕೇಬಲ್ ಪರದೆಯಲ್ಲಿ ಗೆರೆ ಗೆರೆಯಾಗಿ ಓಡುತ್ತದೆ. ಸೀಟ್‌ಬೆಲ್ಟ್ ಸುರುಳಿಯ ಹತ್ತಿರ ಹಳದಿ ಕನೆಕ್ಟರ್ ಕಂಡರೆ ಅದನ್ನು ಮುಟ್ಟಬೇಡಿ, ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದ್ದು. ಬೆಲ್ಟ್ ಎಳೆದು ಬಿಟ್ಟು ನೋಡಿ, ವೈರು ಸುರುಳಿಯ ದಾರಿಯಲ್ಲಿ ಇರಬಾರದು.

ಕನ್ನಡಿ ಪರದೆಯಾದರೆ ಕೆಳಗಿಳಿಯದೆ ಛಾವಣಿಯ ಬಟ್ಟೆಯ ಎಡ ಅಂಚಿನಲ್ಲಿ ಬೀಡಿಂಗಿನೊಳಗೆ ಕೇಬಲ್ ತುರುಕುತ್ತಾ ಮುಂದಿನ ಗಾಜಿನ ಮೇಲಂಚಿಗೆ ಬರಬಹುದು, ಉದ್ದವೂ ಕಡಿಮೆ. ಕಂಬದ ಮೇಲೆ ಏರ್‌ಬ್ಯಾಗ್ ಅಥವಾ ಎಸ್‌ಆರ್‌ಎಸ್ ಎಂದು ಬರೆದಿದ್ದರೆ ಆ ದಾರಿ ಬೇಡ. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದೇ ಆ ಅಂಚಿನಲ್ಲಿ.

ಪರದೆಯ ಕಡೆ ಜೋಡಣೆ ಸುಲಭ. ಹಳದಿ ಪ್ಲಗ್ ಕ್ಯಾಮೆರಾ ಸಾಕೆಟ್ಟಿಗೆ, ತೆಳು ಕೆಂಪು ವೈರು ಸ್ಟೀರಿಯೊದ ರಿವರ್ಸ್ ವೈರಿಗೆ. ಕನ್ನಡಿ ಪರದೆಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿನಿಂದ ಪ್ಲಸ್ ಕೊಡಿ. ಸದಾ ಕರೆಂಟಿರುವ ಕಡೆಯಿಂದ ಕೊಟ್ಟರೆ ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ. ಮಿಕ್ಕ ಕೇಬಲನ್ನು ಉರುಟಾಗಿ ಸುತ್ತದೆ ಉದ್ದುದ್ದಕ್ಕೆ ಮಡಚಿ ಕಟ್ಟಿ ಗ್ಲೋವ್ ಬಾಕ್ಸಿನ ಹಿಂದೆ ಬಿಗಿಯಿರಿ.

ಗೆರೆಗಳನ್ನು ಅಳೆದು ನೋಡುವುದು

ಪರದೆಯ ಹಸಿರು, ಹಳದಿ, ಕೆಂಪು ಗೆರೆಗಳು ನಿಮ್ಮ ಕಾರು ನೋಡಿ ಹಾಕಿದವಲ್ಲ. ಬ್ಯಾಟರಿಯ ಮೈನಸ್ ಟರ್ಮಿನಲ್ ಮತ್ತೆ ಹಾಕಿ, ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಬಂಪರಿನಿಂದ 50 ಸೆಂಟಿಮೀಟರ್, 1 ಮೀಟರ್, 2 ಮೀಟರ್ ದೂರಕ್ಕೆ ರಂಗೋಲಿ ಪುಡಿಯಲ್ಲಿ ಅಡ್ಡಗೆರೆ ಎಳೆಯಿರಿ. ಅಗಲ ಕಾರಿಗಿಂತ ಎರಡೂ ಕಡೆ 15 ಸೆಂಟಿಮೀಟರ್ ಹೆಚ್ಚಿರಲಿ. ಸ್ವಿಫ್ಟ್‌ಗಾದರೆ ಸುಮಾರು 2 ಮೀಟರ್. ಈಗ ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪವೇ ಬಾಗಿಸಿ, ಪರದೆಯ ಕೆಂಪು ಗೆರೆ 50 ಸೆಂಟಿಮೀಟರಿನ ರಂಗೋಲಿಯ ಮೇಲೆ ಕೂರುವಂತೆ ಹೊಂದಿಸಿ ಸ್ಕ್ರೂ ಬಿಗಿಯಿರಿ. ಸ್ಟೀರಿಯೊದಲ್ಲಿ ಗೆರೆ ಸರಿಸುವ ಸೆಟ್ಟಿಂಗ್ ಇದ್ದರೆ ಉಳಿದೆರಡನ್ನೂ ಹೊಂದಿಸಬಹುದು. ಇಲ್ಲದಿದ್ದರೆ ಕೆಂಪು ಒಂದನ್ನೇ ನಂಬಿ, ಉಳಿದವುಗಳನ್ನು ಅಂದಾಜೆಂದು ತಿಳಿಯಿರಿ. ಇಳಿಜಾರಿನಲ್ಲಿ ಈ ಅಳತೆಯೂ ತಪ್ಪುತ್ತದೆ: ಹಿಂದೆ ಏರು ಇದ್ದರೆ ವಸ್ತು ಪರದೆಯಲ್ಲಿ ಕಂಡದ್ದಕ್ಕಿಂತ ಹತ್ತಿರವಿರುತ್ತದೆ. ನೆಲಕ್ಕೆ ತಾಗದೆ ಎತ್ತರದಲ್ಲಿ ಚಾಚಿಕೊಂಡ ಲಾರಿಯ ಹಿಂಭಾಗ, ಬಾಲ್ಕನಿಯ ಅಂಚು, ಮರದ ಕೊಂಬೆ ಇವಕ್ಕೆ ಗೆರೆಗಳ ಲೆಕ್ಕವೇ ಹೊಂದುವುದಿಲ್ಲ.

ತೊಂದರೆ ಬಂದರೆ

ಪರದೆ ಎಚ್ಚರವಾಗಿ ಸಿಗ್ನಲ್ ಇಲ್ಲ ಎಂದರೆ ರಿವರ್ಸ್ ಸುದ್ದಿ ಮುಟ್ಟಿದೆ, ಚಿತ್ರ ಬಂದಿಲ್ಲ. ಕ್ಯಾಮೆರಾದ ಪ್ಲಗ್ಗಿನಲ್ಲಿ 12 ವೋಲ್ಟ್ ಇದೆಯೇ ನೋಡಿ. ಇದ್ದರೆ ಸೆಟ್ಟಿಂಗಿನಲ್ಲಿ ಸಿವಿಬಿಎಸ್, ಎಎಚ್‌ಡಿ ಆಯ್ಕೆ ಬದಲಿಸಿ. ಪರದೆ ಎಚ್ಚರವಾಗದೇ ಇದ್ದರೆ ಮುಂದಿನ ತೆಳು ಕೆಂಪು ವೈರಿನಲ್ಲಿ ವೋಲ್ಟೇಜ್ ಅಳೆಯಿರಿ. ಅಲ್ಲಿಲ್ಲದೆ ಹಿಂದೆ ಇದ್ದರೆ ನಡುವೆ ಎಲ್ಲೋ ತುಂಡಾಗಿದೆ. ಹಿಂದೆಯೂ ಇಲ್ಲದಿದ್ದರೆ ಫ್ಯೂಸು ಅಥವಾ ಬೆಸುಗೆ.

ಚಿತ್ರ ಕಪ್ಪುಬಿಳುಪಾಗಿ ಮೇಲೆ ಕೆಳಗೆ ಉರುಳುತ್ತಿದ್ದರೆ ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ವಿಡಿಯೊ ಪದ್ಧತಿಗಳ ಹೊಂದಾಣಿಕೆ ತಪ್ಪಿದೆ, ಸೆಟ್ಟಿಂಗಿನಲ್ಲಿ ಬದಲಿಸಿ. ಎಂಜಿನ್ ಆಫ್ ಇದ್ದಾಗ ಸರಿಯಾಗಿದ್ದು, ಹಚ್ಚಿದ ಮೇಲೆ ಗೆರೆಗಳು ಓಡಿದರೆ ಅರ್ಥ್ ಸಡಿಲ, ಇಲ್ಲವೇ ಕೇಬಲ್ ದಪ್ಪ ವೈರಿನ ಪಕ್ಕದಲ್ಲಿದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ನಂಥ ಕಾರುಗಳಲ್ಲಿ ಎಲ್ಲವೂ ಸರಿಯಿದ್ದರೂ ಚಿತ್ರ ನಡುಗಬಹುದು. ಆ ಕಾರುಗಳ ಕಂಪ್ಯೂಟರ್ ಬಲ್ಬಿಗೆ ಕರೆಂಟನ್ನು ಒಂದೇ ಸಮ ಕೊಡದೆ ತುಣುಕು ತುಣುಕಾಗಿ ಕೊಡುತ್ತದೆ. ಬಲ್ಬಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ರಿವರ್ಸ್ ಕ್ಯಾಮೆರಾಗೆಂದೇ ಸಿಗುವ ಪವರ್ ಫಿಲ್ಟರನ್ನು ಕ್ಯಾಮೆರಾದ ಪ್ಲಸ್ ವೈರಿನಲ್ಲಿ ಹಾಕಿದರೆ ನಿಲ್ಲುತ್ತದೆ.

ಚಿತ್ರ ಮೊದಲ ದಿನದಿಂದಲೇ ಮಂಜಾಗಿದ್ದರೆ ಮಸೂರದ ಮೇಲಿನ ಪಾರದರ್ಶಕ ಹಾಳೆ ತೆಗೆದಿದ್ದೀರಾ ನೋಡಿ. ಮಳೆಗಾಲದಲ್ಲಿ ಮಾತ್ರ ಒಳಗಿನಿಂದ ಮಂಜಾದರೆ ಕ್ಯಾಮೆರಾದ ಸೀಲ್ ಹೋಗಿದೆ, ಅದನ್ನು ಬದಲಿಸುವುದೊಂದೇ ದಾರಿ. ಮಲೆನಾಡಿನ ಕೆಂಪು ಕೆಸರು ಮೆತ್ತಿದ ಮಸೂರವನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ನೀರು ಸುರಿದು ಮಣ್ಣು ಕರಗಿಸಿ, ಆಮೇಲೆ ಮೆತ್ತನೆ ಬಟ್ಟೆ. ಸರ್ವೀಸ್ ಸ್ಟೇಷನ್ನಿನಲ್ಲಿ ಪ್ರೆಷರ್ ಪೈಪನ್ನು ಕ್ಯಾಮೆರಾದ ಹತ್ತಿರ ಹಿಡಿಯಬೇಡಿ ಎಂದು ಬಾಯಿಬಿಟ್ಟು ಹೇಳಿ.

ಮ್ಯಾನುಯಲ್ ಗೇರ್ ಹಾಕಿದ ಮೇಲೆ ಚಿತ್ರ ಮೂಡಲು ಒಂದೆರಡು ಸೆಕೆಂಡ್ ಬೇಕಾಗುವುದು ದೋಷವಲ್ಲ. ಕ್ಯಾಮೆರಾಗೆ ಕರೆಂಟು ಸಿಗುವುದೇ ಆಗ. ಚಿತ್ರ ಬರುವವರೆಗೆ ಕ್ಲಚ್ಚಿನಿಂದ ಕಾಲು ತೆಗೆಯದೆ, ಆ ಹೊತ್ತಿನಲ್ಲಿ ತಲೆ ತಿರುಗಿಸಿ ಎರಡೂ ಪಕ್ಕ ನೋಡಿಕೊಳ್ಳಿ. ಪಕ್ಕದಿಂದ ಓಡಿಬರುವುದು ಕ್ಯಾಮೆರಾಕ್ಕೆ ತಡವಾಗಿ ಕಾಣುತ್ತದೆ. ಒಂದು ತಿಂಗಳು ಓಡಿಸಿದ ಮೇಲೆ ಡಿಕ್ಕಿಯ ಪ್ಯಾನೆಲ್ ಮತ್ತೊಮ್ಮೆ ತೆಗೆದು, ರಬ್ಬರ್ ಕೊಳವೆಯ ಎರಡೂ ತುದಿ ತಮ್ಮ ತೂತಿನಲ್ಲಿ ಸರಿಯಾಗಿ ಕೂತಿವೆಯೇ, ತೂತಿನ ಅಂಚಿನಲ್ಲಿ ತುಕ್ಕಿನ ಬಣ್ಣ ಕಾಣುತ್ತಿದೆಯೇ, ಅರ್ಥ್ ಬೋಲ್ಟ್ ಬಿಗಿಯಿದೆಯೇ ನೋಡಿ. ಇನ್ಶೂರೆನ್ಸ್ ನವೀಕರಿಸುವಾಗ ಕ್ಯಾಮೆರಾ ಮತ್ತು ಪರದೆಯನ್ನು ಎಲೆಕ್ಟ್ರಿಕಲ್ ಆಕ್ಸೆಸರಿ ಎಂದು ಬಿಲ್ಲಿನ ಸಮೇತ ನಮೂದಿಸಿ. ನಮೂದಿಸದಿದ್ದರೆ ಹಿಂದಿನಿಂದ ಯಾರಾದರೂ ಗುದ್ದಿದಾಗ ಬಾಗಿಲಿಗೆ ಪರಿಹಾರ ಸಿಕ್ಕರೂ ಕ್ಯಾಮೆರಾಗೆ ಸಿಗುವುದಿಲ್ಲ.